ಆವರ್ತ ಎಣಿಸುವ ಕಿವಿ: ಜಾಝ್ ಕೇಳುವ ಬಗೆ

ಜಾಝ್ ಎಂದರೆ ವಾದಕರು ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸಿಬಿಡುವ ಸಂಗೀತ ಎಂಬ ತಿಳಿವಳಿಕೆ ಬಹಳ ಜನರಲ್ಲಿದೆ. ಹೊಸ ಕೇಳುಗರನ್ನು ಈ ಸಂಗೀತದಿಂದ ದೂರ ಇಟ್ಟಿರುವುದೂ ಬಹುಮಟ್ಟಿಗೆ ಇದೇ ತಿಳಿವಳಿಕೆ. ಏಕೆಂದರೆ ಎಲ್ಲವೂ ಸ್ವಚ್ಛಂದವಾದ ಮೇಲೆ ಯಾವುದು ಸೊಗಸು, ಯಾವುದು ಬರೀ ಗದ್ದಲ ಎಂದು ತೂಗಿ ನೋಡಲು ಕೇಳುಗರ ಬಳಿ ಯಾವ ಅಳತೆಗೋಲೂ ಉಳಿಯುವುದಿಲ್ಲ. ವಾಸ್ತವದಲ್ಲಿ ಜಾಝ್‌ನ ಬಹುಭಾಗ ಬಿಗಿಯಾದ ಕಟ್ಟೊಂದರ ಒಳಗೆ ನಡೆಯುತ್ತದೆ. ಆ ಕಟ್ಟು ಕೇಳುಗರಿಗೂ ಗೊತ್ತಿದೆ ಎಂಬ ಭರವಸೆಯಿಂದಲೇ ವಾದಕರು ಅದನ್ನು ಹಿಗ್ಗಿಸುತ್ತಾರೆ, ಬಾಗಿಸುತ್ತಾರೆ, ಒಮ್ಮೊಮ್ಮೆ ಬೇಕೆಂದೇ ಮರೆಸುತ್ತಾರೆ. ಹಾಗಾಗಿ ಆಶುಸಂಗೀತದ ರಸಿಕತೆ ಎಂಬುದು ಮೂಲತಃ ನೆನಪಿನ ಅಭ್ಯಾಸ: ಬದಲಾಗದೆ ನಿಂತಿರುವುದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡವರಿಗೆ ಮಾತ್ರ ಬದಲಾಗುತ್ತಿರುವುದು ಸ್ಪಷ್ಟವಾಗಿ ಕೇಳಿಸುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಕಪ್ಪು ಜನಾಂಗದ ಸಂಗೀತಗಾರರ ನಡುವೆ, ಬ್ಲೂಸ್ ಹಾಡು, ಚರ್ಚಿನ ಭಕ್ತಿಗೀತೆ, ರ‍್ಯಾಗ್‌ಟೈಮ್ ಪಿಯಾನೊ ಮತ್ತು ಮೆರವಣಿಗೆಯ ಬ್ಯಾಂಡ್‌ಗಳು ಕೂಡಿ ರೂಪುಗೊಂಡ ಈ ಸಂಗೀತ ತನ್ನ ಕಟ್ಟುಗಳನ್ನು ಮುಖ್ಯವಾಗಿ ಎರಡು ಕಡೆಗಳಿಂದ ಪಡೆದುಕೊಂಡಿತು. ಮೊದಲನೆಯದು ಬ್ಲೂಸ್. ಇದರ ಒಂದು ಸುತ್ತು 12 ಬಾರ್‌ಗಳದ್ದು. ಬಾರ್ ಎಂದರೆ ಲಯದ ಒಂದು ಘಟಕ, ಜಾಝ್‌ನಲ್ಲಿ ಅದಕ್ಕೆ ಸಾಮಾನ್ಯವಾಗಿ ನಾಲ್ಕು ಎಣಿಕೆ. ಮೂರು ಅಥವಾ ಹೆಚ್ಚು ಸ್ವರಗಳು ಒಟ್ಟಿಗೆ ಮೊಳಗಿದಾಗ ಉಂಟಾಗುವ ಸ್ವರಗುಚ್ಛವನ್ನು ಕಾರ್ಡ್ ಎನ್ನುತ್ತಾರೆ. ಸರಳವಾದ ಬ್ಲೂಸಿನಲ್ಲಿ ಮೊದಲ ನಾಲ್ಕು ಬಾರ್ ಷಡ್ಜದ ಮೇಲೆ ಕಟ್ಟಿದ ಕಾರ್ಡಿನಲ್ಲಿ ನಿಂತು, ನಡುವಣ ನಾಲ್ಕು ಮಧ್ಯಮದ ಕಾರ್ಡಿಗೆ ಸರಿದು ಷಡ್ಜಕ್ಕೆ ಮರಳಿ, ಕೊನೆಯ ನಾಲ್ಕು ಪಂಚಮದ ಕಾರ್ಡನ್ನು ಮುಟ್ಟಿ ಮತ್ತೆ ಷಡ್ಜಕ್ಕೆ ಬಂದು ಸೇರುತ್ತವೆ. ಎರಡನೆಯದು ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳ ಜನಪ್ರಿಯ ಗೀತೆ. ಇದರ ಸಾಮಾನ್ಯ ಅಳತೆ 32 ಬಾರ್. ಎಂಟೆಂಟು ಬಾರ್‌ಗಳ ನಾಲ್ಕು ಭಾಗಗಳಲ್ಲಿ ಒಂದು, ಎರಡು ಮತ್ತು ನಾಲ್ಕನೆಯವು ಒಂದೇ ಧಾಟಿಯವು, ಬ್ರಿಜ್ ಎಂದು ಕರೆಯುವ ಮೂರನೆಯದು ಮಾತ್ರ ಬೇರೆ ದಾರಿ ಹಿಡಿಯುತ್ತದೆ.

ಜಾಝ್ ಗುಂಪು ಮೊದಲು ಈ ಧಾಟಿಯನ್ನು ಒಮ್ಮೆ ಇದ್ದಂತೆಯೇ ನುಡಿಸುತ್ತದೆ. ಅದಕ್ಕೆ ಹೆಡ್ ಎಂದು ಹೆಸರು. ಬಳಿಕ ಧಾಟಿ ಹಿಂದೆ ಸರಿದು ಅದರ ಕಾರ್ಡ್‌ಗಳ ಸರಣಿ ಮಾತ್ರ ಅದೇ ಅಳತೆಯಲ್ಲಿ ಮತ್ತೆ ಮತ್ತೆ ಸುತ್ತುತ್ತದೆ, ಒಬ್ಬೊಬ್ಬ ವಾದಕರು ಸರದಿಯಂತೆ ಆ ಸುತ್ತುಗಳ ಮೇಲೆ ಹೊಸ ಧಾಟಿಗಳನ್ನು ಸ್ಥಳದಲ್ಲೇ ಕಟ್ಟುತ್ತಾರೆ, ಕೊನೆಗೆ ಹೆಡ್ ಮರಳಿ ಬರುತ್ತದೆ. ಇಂಥ ಒಂದು ಸುತ್ತನ್ನು ಜಾಝ್ ಬಳಗದಲ್ಲಿ ಕೋರಸ್ ಎನ್ನುತ್ತಾರೆ. ಗುಂಪುಗಾಯನಕ್ಕೂ ಇದಕ್ಕೂ ಸಂಬಂಧವಿಲ್ಲ. ಕರ್ನಾಟಕ ಸಂಗೀತದ ಶ್ರೋತೃಗಳಿಗೆ ಇದನ್ನು 32 ಬಾರ್‌ಗಳ ಒಂದು ದೀರ್ಘ ಆವರ್ತ ಎಂದು ಭಾವಿಸಿಕೊಂಡರೆ ಹಾದಿ ಸುಗಮವಾಗುತ್ತದೆ. ಕಲ್ಪನಾಸ್ವರ ಎಷ್ಟೇ ದೂರ ಹೋದರೂ ಎಡುಪಿಗೆ ಬಂದು ಕೂಡಲೇಬೇಕೆಂದು ತಾಳ ಹಾಕುತ್ತಾ ಕಾಯುವ ರಸಿಕರ ಗಮನವೇ ಇಲ್ಲಿಯೂ ಬೇಕಾಗುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಆವರ್ತದ ಒಳಗೆ ಕಾಲದ ಜೊತೆಗೆ ಸ್ವರದ ನೆಲೆಯೂ ಬದಲಾಗುತ್ತಿರುತ್ತದೆ.

ಈ ಎಣಿಕೆಯನ್ನು ರೂಢಿಸಿಕೊಳ್ಳಲು ಅತ್ಯಂತ ಅನುಕೂಲವಾದ ಉದಾಹರಣೆ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಧ್ವನಿಮುದ್ರಿಕೆಯ ಮೊದಲ ರಚನೆ ‘ಸೋ ವಾಟ್’. ನ್ಯೂಯಾರ್ಕಿನ ಕೊಲಂಬಿಯಾ ಸ್ಟುಡಿಯೊದಲ್ಲಿ 1959ರ ಮಾರ್ಚ್ 2ರಂದು ಮುದ್ರಣಗೊಂಡ ಇದರಲ್ಲಿ ಟ್ರಂಪೆಟ್‌ನಲ್ಲಿ ಡೇವಿಸ್, ಟೆನರ್ ಸ್ಯಾಕ್ಸೊಫೋನ್‌ನಲ್ಲಿ ಜಾನ್ ಕೋಲ್ಟ್ರೇನ್, ಆಲ್ಟೊ ಸ್ಯಾಕ್ಸೊಫೋನ್‌ನಲ್ಲಿ ಕ್ಯಾನನ್‌ಬಾಲ್ ಆ್ಯಡರ್ಲಿ, ಪಿಯಾನೊದಲ್ಲಿ ಬಿಲ್ ಎವಾನ್ಸ್, ಡಬಲ್ ಬಾಸ್‌ನಲ್ಲಿ ಪಾಲ್ ಚೇಂಬರ್ಸ್, ಡ್ರಮ್ಸ್‌ನಲ್ಲಿ ಜಿಮ್ಮಿ ಕಾಬ್ ಇದ್ದಾರೆ. ತಾಳವಿಲ್ಲದ ಒಂದು ಚಿಕ್ಕ ಪೀಠಿಕೆಯ ನಂತರ ಬಾಸ್ ಒಂದು ಪ್ರಶ್ನೆಯಂಥ ತುಣುಕನ್ನು ಮುಂದಿಡುತ್ತದೆ. ಮೊದಲು ಪಿಯಾನೊ, ಆಮೇಲೆ ಊದುವಾದ್ಯಗಳು ಅದಕ್ಕೆ ಎರಡೇ ಕಾರ್ಡ್‌ಗಳ ಉತ್ತರ ಕೊಡುತ್ತವೆ. ರಚನೆ 32 ಬಾರ್‌ಗಳದ್ದೇ ಆದರೂ ಕ್ಷಣಕ್ಷಣಕ್ಕೆ ಬದಲಾಗುವ ಕಾರ್ಡ್‌ಗಳ ಬದಲು ಇಡೀ ಸುತ್ತಿಗೆ ಎರಡೇ ಸ್ವರಶ್ರೇಣಿಗಳನ್ನು ಇಟ್ಟುಕೊಂಡಿರುವುದು ಇದರ ವೈಶಿಷ್ಟ್ಯ. ಹೀಗೆ ಶ್ರೇಣಿಯನ್ನೇ ಆಧಾರವಾಗಿಟ್ಟುಕೊಂಡ ಶೈಲಿಗೆ ಮೋಡಲ್ ಜಾಝ್ ಎಂಬ ಹೆಸರು ಬಂತು.

ಆ ಶ್ರೇಣಿ ಕನ್ನಡದ ಕಿವಿಗೆ ಅಪರಿಚಿತವಲ್ಲ. ಪಾಶ್ಚಾತ್ಯರು ಡೋರಿಯನ್ ಎಂದು ಕರೆಯುವ ಅದರ ಸ್ವರಸ್ಥಾನಗಳು ಖರಹರಪ್ರಿಯದವೇ, ಹಿಂದೂಸ್ತಾನಿಯ ಕಾಫಿ ಥಾಟಿನವೇ. ಮೊದಲ 16 ಬಾರ್‌ಗಳು ಎರಡು ಮನೆಯ ಶ್ರುತಿಯಲ್ಲಿ ಸಾಗುತ್ತವೆ. ಬ್ರಿಜ್‌ನ ಎಂಟು ಬಾರ್‌ಗಳಲ್ಲಿ ಇಡೀ ಶ್ರೇಣಿಯೇ ಷಡ್ಜಸಮೇತ ಅರ್ಧ ಮನೆ ಮೇಲಕ್ಕೆ ಸರಿಯುತ್ತದೆ. ಕೊನೆಯ ಎಂಟಕ್ಕೆ ಮತ್ತೆ ಎರಡು ಮನೆಗೆ ಇಳಿಯುತ್ತದೆ. ಇದು ಗ್ರಹಭೇದವಲ್ಲ, ಗ್ರಹಭೇದದಲ್ಲಿ ಸ್ವರಗಳು ಇದ್ದಲ್ಲೇ ಇದ್ದು ಷಡ್ಜದ ಸ್ಥಾನ ಮಾತ್ರ ಬದಲಾಗುತ್ತದೆ, ಇಲ್ಲಿಯಾದರೋ ಸ್ವರಗಳ ಆಂತರಿಕ ಸಂಬಂಧ ಹಾಗೇ ಉಳಿದು ಅವು ನಿಂತ ನೆಲವೇ ಮೇಲೇಳುತ್ತದೆ. ತಂಬೂರಿಯ ಅಚಲ ಶ್ರುತಿಗೆ ಒಗ್ಗಿದವರಿಗೆ ಈ ಜಿಗಿತ ಥಟ್ಟನೆ ತಾಗುವುದರಿಂದ, ಬಾರ್‌ಗಳನ್ನು ಎಣಿಸಲಾಗದಿದ್ದರೂ ಸುತ್ತಿನ ಯಾವ ಭಾಗದಲ್ಲಿದ್ದೇವೆ ಎಂಬುದು ಎರಡು ಮೂರು ಸಲ ಕೇಳುವಷ್ಟರಲ್ಲಿ ತಾನಾಗಿ ತಿಳಿಯತೊಡಗುತ್ತದೆ.

ಕಟ್ಟು ಹೀಗೆ ಕೈಗೆ ಸಿಕ್ಕಿದ ಮೇಲೆ ವಾದಕರ ಸ್ವಭಾವಗಳು ಬೇರ್ಪಟ್ಟು ಕೇಳಿಸುತ್ತವೆ. ಕಾಬ್ ಸಿಂಬಲ್‌ಗೆ ಕೊಟ್ಟ ಒಂದೇ ಏಟು ಮೊಳಗುತ್ತಿರುವಂತೆ ಆರಂಭವಾಗುವ ಡೇವಿಸ್ ಸೋಲೊ, ಅಂದರೆ ಏಕವಾದನ, ಎರಡು ಕೋರಸ್‌ಗಳದ್ದು. ಅದರಲ್ಲಿ ಸ್ವರಗಳು ವಿರಳ, ಮೌನಕ್ಕೆ ಧಾರಾಳ ಜಾಗ. ಒಂದು ತುಣುಕನ್ನು ನುಡಿಸಿ ಅದು ಕೇಳುಗರ ಮನಸ್ಸಿನಲ್ಲಿ ಇಳಿಯುವವರೆಗೆ ಕಾದು ಮುಂದಿನದಕ್ಕೆ ಕೈಹಾಕುವ ಕ್ರಮ ಅದು. ಅದೇ ಎರಡು ಕೋರಸ್‌ಗಳ ಅವಕಾಶದಲ್ಲಿ ಕೋಲ್ಟ್ರೇನ್ ಶ್ರೇಣಿಯನ್ನು ಮೂಲೆಮೂಲೆಯಿಂದ ಶೋಧಿಸುತ್ತಾ ಸ್ವರಗಳನ್ನು ಒತ್ತೊತ್ತಾಗಿ ತುಂಬುತ್ತಾರೆ. ಆ್ಯಡರ್ಲಿ ಬ್ಲೂಸಿನ ಬಳುಕನ್ನೂ ಲವಲವಿಕೆಯನ್ನೂ ತರುತ್ತಾರೆ. ಒಂದೇ ಕೋರಸ್ ನುಡಿಸುವ ಎವಾನ್ಸ್, ಹಿನ್ನೆಲೆಯಲ್ಲಿ ಊದುವಾದ್ಯಗಳು ಆ ಎರಡು ಕಾರ್ಡ್‌ಗಳ ಉತ್ತರವನ್ನು ಹೇಳುತ್ತಿರುವಾಗ, ಒಂಟಿ ಸ್ವರಗಳಿಗಿಂತ ಸ್ವರಗುಚ್ಛಗಳಲ್ಲಿಯೇ ಯೋಚಿಸುತ್ತಾರೆ. ಒಂಬತ್ತು ನಿಮಿಷ ಮೀರಿದ ಈ ನುಡಿಸಾಣಿಕೆಯಲ್ಲಿ ನಾಲ್ವರಿಗೂ ಸಿಕ್ಕ ಸಾಮಗ್ರಿ ಒಂದೇ. ಈ ಸಮಾನತೆಯನ್ನು ಅರಿಯದ ಕೇಳುಗರಿಗೆ ನಾಲ್ಕು ಬೇರೆ ಬೇರೆ ನಾದಗಳು ಸಿಗುತ್ತವೆ, ಅರಿತವರಿಗೆ ನಾಲ್ಕು ಬೇರೆ ಬೇರೆ ಆಲೋಚನಾಕ್ರಮಗಳು ಸಿಗುತ್ತವೆ.

ಹಳೆಯ ಕಟ್ಟಿನ ಮೇಲೆ ಹೊಸ ಧಾಟಿಯನ್ನು ಕೂರಿಸುವ ಕಲೆ ಜಾಝ್‌ನಲ್ಲಿ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಕೋಲ್ಮನ್ ಹಾಕಿನ್ಸ್ 1939ರ ಅಕ್ಟೋಬರ್ 11ರಂದು ಧ್ವನಿಮುದ್ರಿಸಿದ ‘ಬಾಡಿ ಆ್ಯಂಡ್ ಸೋಲ್’ ಪ್ರಸಿದ್ಧ ನಿದರ್ಶನ. ಐದು ವರ್ಷ ಯುರೋಪಿನಲ್ಲಿದ್ದು ಆಗಷ್ಟೇ ಅಮೆರಿಕಕ್ಕೆ ಮರಳಿದ್ದ ಈ ಟೆನರ್ ಸ್ಯಾಕ್ಸೊಫೋನ್ ವಾದಕ, ಎಲ್ಲರಿಗೂ ಬಾಯಿಪಾಠವಾಗಿದ್ದ ಪ್ರೇಮಗೀತೆಯ ಧಾಟಿಯನ್ನು ಮೊದಲ ಕೆಲವು ಬಾರ್‌ಗಳಲ್ಲಿ ಸೂಚಿಸಿ ಕೈಬಿಟ್ಟು, ಉಳಿದ ಸುಮಾರು ಮೂರು ನಿಮಿಷವೂ ಅದರ ಕಾರ್ಡ್‌ಗಳನ್ನೇ ಬಿಡಿಸಿ ಹೆಣೆಯುತ್ತಾ ಹೋದರು. ಹಾಗಿದ್ದೂ ಆ ಗ್ರಾಮಫೋನ್ ತಟ್ಟೆ ಜನಪ್ರಿಯವಾಯಿತು. ಗೀತೆಯನ್ನು ಬಲ್ಲ ಕೇಳುಗರು ಅದನ್ನು ಮನಸ್ಸಿನಲ್ಲೇ ಹಾಡಿಕೊಳ್ಳಬಲ್ಲರು, ಹಾಡದೆ ಬಿಟ್ಟ ಧಾಟಿಗೂ ನುಡಿಯುತ್ತಿರುವ ಧಾಟಿಗೂ ನಡುವಿನ ಅಂತರವೇ ರಸದ ನೆಲೆ ಎಂಬ ನಂಬಿಕೆ ಆ ವಾದನದ ಹಿಂದಿದೆ.

ನಲವತ್ತರ ದಶಕದಲ್ಲಿ ಬೀಬಾಪ್ ಎಂಬ ವೇಗದ, ಜಟಿಲವಾದ ಶೈಲಿಯನ್ನು ರೂಪಿಸಿದ ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿ ಮುಂತಾದವರು ಇದನ್ನೇ ಪದ್ಧತಿಯಾಗಿಸಿ, ಪರಿಚಿತ ಗೀತೆಯ ಕಾರ್ಡ್ ಸರಣಿಯನ್ನು ಉಳಿಸಿಕೊಂಡು ಹೆಡ್ಡನ್ನೇ ಹೊಸದಾಗಿ ರಚಿಸಿದರು. ಇದಕ್ಕೆ ಕಲೆಯ ಕಾರಣದ ಜೊತೆಗೆ ಹಣದ ಕಾರಣವೂ ಇತ್ತು: ಧಾಟಿಗೆ ಹಕ್ಕುಸ್ವಾಮ್ಯವಿತ್ತು, ಕಾರ್ಡ್‌ಗಳ ಸರಣಿಗೆ ಇರಲಿಲ್ಲ, ಹೀಗಾಗಿ ಹೊಸ ಧಾಟಿ ಕಟ್ಟಿದವರಿಗೆ ರಚನಕಾರರ ಗೌರವಧನ ಸಲ್ಲುತ್ತಿತ್ತು. 1945ರ ನವೆಂಬರ್ 26ರಂದು ಪಾರ್ಕರ್ ಮುದ್ರಿಸಿದ ‘ಕೋ ಕೋ’ ರಚನೆಯ ಆಧಾರ ರೇ ನೋಬಲ್ ಅವರ ‘ಚೆರೊಕೀ’ ಗೀತೆಯ 64 ಬಾರ್‌ಗಳ ಸರಣಿ. ಆ ದಿನದ ಅಪೂರ್ಣ ಟೇಕ್, ಅಂದರೆ ಒಂದು ಸಲದ ಮುದ್ರಣ, ಉಳಿದುಬಂದಿದ್ದು, ಅದರಲ್ಲಿ ಗುಂಪು ಚೆರೊಕೀ ಧಾಟಿಯನ್ನೇ ಶುರುಮಾಡಿ ಒಡನೆಯೇ ತಡೆದು ನಿಲ್ಲುವುದು ಕೇಳಿಸುತ್ತದೆ. ಪೂರ್ಣ ಟೇಕ್‌ನಲ್ಲಿ ಆ ಧಾಟಿಯ ಸುಳಿವಿಲ್ಲ, ನಿಮಿಷಕ್ಕೆ ಸುಮಾರು 300 ಎಣಿಕೆಯ ವೇಗದಲ್ಲಿ ಅದರ ಅಸ್ಥಿಪಂಜರ ಮಾತ್ರ ಓಡುತ್ತಿದೆ. ಈ ಎರಡನ್ನೂ ಒಂದರ ಹಿಂದೊಂದು ಕೇಳಿದವರಿಗೆ ಬೀಬಾಪ್ ಕುರಿತ ಒಂದು ಇಡೀ ಅಧ್ಯಾಯ ತಿಳಿದಂತಾಗುತ್ತದೆ.

ಸೋಲೊ ನುಡಿಸುವವರ ಮೇಲೆಯೇ ಕಿವಿ ನೆಟ್ಟರೆ ಸಂಗೀತದ ಅರ್ಧಭಾಗ ತಪ್ಪಿಹೋಗುತ್ತದೆ. ಬಾಸ್, ಡ್ರಮ್ಸ್, ಪಿಯಾನೊಗಳ ತಂಡವನ್ನು ರಿದಮ್ ಸೆಕ್ಷನ್ ಎನ್ನುತ್ತಾರೆ. ಪಕ್ಕವಾದ್ಯ ಎಂಬ ಮಾತು ಇವಕ್ಕೆ ಹತ್ತಿರವಾದರೂ ಇವುಗಳ ಹೊಣೆ ಇನ್ನೂ ದೊಡ್ಡದು. ಬಾಸ್ ಪ್ರತಿ ಎಣಿಕೆಗೆ ಒಂದರಂತೆ ಸ್ವರಗಳನ್ನು ಮೀಟುತ್ತಾ ಕಾರ್ಡ್‌ನಿಂದ ಕಾರ್ಡ್‌ಗೆ ನಡೆಯುವುದರಿಂದ, ಸುತ್ತಿನಲ್ಲಿ ದಾರಿ ತಪ್ಪಿದ ಕೇಳುಗರು ಮೊದಲು ಹಿಂಬಾಲಿಸಬೇಕಾದುದು ಅದನ್ನೇ. ಪಿಯಾನೊ ಕಾರ್ಡ್‌ಗಳನ್ನು ಅನಿರೀಕ್ಷಿತ ಜಾಗಗಳಲ್ಲಿ ಇಟ್ಟು ಸೋಲೊವನ್ನು ಕೆಣಕುತ್ತದೆ, ಹುರಿದುಂಬಿಸುತ್ತದೆ. ಡ್ರಮ್ಸ್ ವಾದಕರ ಬಲಗೈ ಸಿಂಬಲ್ ಮೇಲೆ ಲಯವನ್ನು ಎಳೆಯುತ್ತಾ ಸಾಗುವಾಗ, ಕಾಲಿನಿಂದ ಮುಚ್ಚುವ ಜೋಡಿ ತಟ್ಟೆಗಳು ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳಿಗೆ ಒತ್ತು ಕೊಡುತ್ತವೆ. ಸಮದಲ್ಲಿ ಪೆಟ್ಟು ಹಾಕುವ ರೂಢಿಯವರು ಇಲ್ಲಿ ಎರಡು ಮತ್ತು ನಾಲ್ಕಕ್ಕೆ ಬೆರಳು ತಟ್ಟಲು ಕಲಿತರೆ ಸ್ವಿಂಗ್ ಎಂಬ ಗುಣ ಮೈಗೆ ತಿಳಿಯುತ್ತದೆ: ಒಂದು ಎಣಿಕೆಯನ್ನು ಸರಿಸಮವಾಗಿ ಒಡೆಯದೆ ಮೊದಲರ್ಧವನ್ನು ಹಿಗ್ಗಿಸಿ ಎರಡನೆಯದನ್ನು ಕುಗ್ಗಿಸುವ, ಎಣಿಕೆಗಿಂತ ಕೂದಲೆಳೆಯಷ್ಟು ಹಿಂದೆ ಅಥವಾ ಮುಂದೆ ಸ್ವರವನ್ನು ಇಡುವ ಬಗೆ ಅದು. ನಾಲ್ಕು ಬಾರ್ ಸೋಲೊ, ನಾಲ್ಕು ಬಾರ್ ಡ್ರಮ್ಸ್ ಎಂದು ಸರದಿ ಹಾಕುವ ಘಟ್ಟದಲ್ಲಂತೂ ತನಿ ಆವರ್ತನದ ವಿನಿಮಯವನ್ನು ಮೆಚ್ಚುವವರಿಗೆ ಪರಿಚಯದ ಅಗತ್ಯವೇ ಇರುವುದಿಲ್ಲ.

ಆಶುಸಂಗೀತವನ್ನು ಧ್ವನಿಮುದ್ರಿಕೆಯಲ್ಲಿ ಕೇಳುವುದರಲ್ಲಿ ಒಂದು ವಿರೋಧಾಭಾಸವಿದೆ. ಒಮ್ಮೆಗೆಂದು ಹುಟ್ಟಿದ್ದನ್ನು ತಟ್ಟೆ ನೂರು ಸಲ ಅದೇ ರೀತಿ ನುಡಿಯುತ್ತದೆ. ಆದರೆ ಜಾಝ್ ಬೆಳೆದದ್ದು ಧ್ವನಿಮುದ್ರಣದ ಜೊತೆಜೊತೆಗೇ, ಮೊದಲ ಜಾಝ್ ತಟ್ಟೆ ಹೊರಬಂದದ್ದು 1917ರಲ್ಲಿ. ಲೂಯಿ ಆರ್ಮ್‌ಸ್ಟ್ರಾಂಗ್ 1928ರ ಜೂನ್‌ನಲ್ಲಿ ಮುದ್ರಿಸಿದ ‘ವೆಸ್ಟ್ ಎಂಡ್ ಬ್ಲೂಸ್’ ಆರಂಭದ, ಯಾವ ಸಾಥಿಯೂ ಇಲ್ಲದ ಆ ಕೆಲವೇ ಸೆಕೆಂಡುಗಳ ಟ್ರಂಪೆಟ್ ಆಲಾಪವನ್ನು ಮುಂದಿನ ಪೀಳಿಗೆಯವರು ಕಲಿತದ್ದು ತಟ್ಟೆಯನ್ನು ಮತ್ತೆ ಮತ್ತೆ ಹಾಕಿಕೊಂಡು. ಮೂರು ನಿಮಿಷದ ತಟ್ಟೆಯ ಮಿತಿಯನ್ನು 1948ರಲ್ಲಿ ಬಂದ ಲಾಂಗ್ ಪ್ಲೇ ತಟ್ಟೆ ಸಡಿಲಿಸಿದ ಮೇಲೆ ದೀರ್ಘ ಸೋಲೊಗಳೂ ಮನೆ ತಲುಪಿದವು. 1956ರ ಜುಲೈ 7ರಂದು ನ್ಯೂಪೋರ್ಟ್ ಉತ್ಸವದಲ್ಲಿ ಡ್ಯೂಕ್ ಎಲಿಂಗ್ಟನ್ ವಾದ್ಯವೃಂದದ ಪಾಲ್ ಗೊನ್ಸಾಲ್ವೆಸ್ 12 ಬಾರ್‌ಗಳ ಬ್ಲೂಸ್ ಮೇಲೆ ನುಡಿಸಿದ 27 ಕೋರಸ್‌ಗಳ ಸೋಲೊದಲ್ಲಿ, ಸುತ್ತು ಸುತ್ತಿಗೂ ಏರುವ ಸಭಿಕರ ಕೂಗು ಕೂಡ ಸಂಗೀತದ ಒಂದು ಭಾಗವೇ ಆಗಿಬಿಟ್ಟಿದೆ.

ನಿಷ್ಠಾವಂತ ಕೇಳುಗರಿಗೆ ಧ್ವನಿಮುದ್ರಣದಿಂದ ಸಿಕ್ಕ ಇನ್ನೊಂದು ಲಾಭ ಪರ್ಯಾಯ ಟೇಕ್‌ಗಳು. ಪಾರ್ಕರ್ 1947ರ ಅಕ್ಟೋಬರ್ 28ರಂದು ‘ಎಂಬ್ರೇಸಬಲ್ ಯೂ’ ಗೀತೆಯನ್ನು ಎರಡು ಸಲ ಮುದ್ರಿಸಿದರು; ಅದೇ ದಿನ, ಅದೇ ಗುಂಪು, ಅದೇ ಕಾರ್ಡ್‌ಗಳು, ಆದರೆ ಎರಡೂ ಸೋಲೊಗಳು ಬೇರೆ ಬೇರೆ ತುಣುಕಿನಿಂದ ಹೊರಟು ಬೇರೆ ಬೇರೆ ದಿಕ್ಕಿಗೆ ಬೆಳೆಯುತ್ತವೆ. ಒಂದೇ ಟೇಕ್ ಕೇಳಿದವರಿಗೆ ಅದು ಮೊದಲೇ ರಚಿಸಿಟ್ಟ ಕೃತಿಯಂತೆ ಅನಿವಾರ್ಯವಾಗಿ ತೋರುತ್ತದೆ. ಎರಡನ್ನೂ ಕೇಳಿದಾಗಲೇ ಆ ಅನಿವಾರ್ಯತೆ ಸ್ಥಳದಲ್ಲೇ ಹುಟ್ಟಿದ್ದೆಂಬ ಸಂಗತಿ ಮನವರಿಕೆಯಾಗುತ್ತದೆ.

ಕಟ್ಟನ್ನೇ ಬಿಟ್ಟುಕೊಟ್ಟ ಸಂಗೀತದಲ್ಲಿ ಈ ವಿಧಾನ ನಡೆಯುತ್ತದೆಯೇ ಎಂಬ ಪ್ರಶ್ನೆ ಸಹಜ. ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ 1959ರ ಕೊನೆಯಲ್ಲಿ ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ಪಿಯಾನೊ ಇಲ್ಲದ ತಮ್ಮ ಚತುಷ್ಟಯವನ್ನು ಮುಂದಿಟ್ಟಾಗ, ಹೆಡ್ ನುಡಿಸಿದ ನಂತರ ಕಾರ್ಡ್‌ಗಳ ಸುತ್ತಿಗೆ ಬದ್ಧವಾಗದೆ ಧಾಟಿಯ ಭಾವವನ್ನಷ್ಟೇ ಹಿಡಿದು ಮುಂದುವರಿಯುವ ಅವರ ಕ್ರಮ ಸಂಗೀತಗಾರರನ್ನೇ ಎರಡು ಪಂಗಡವಾಗಿಸಿತು. ಮರುವರ್ಷದ ಡಿಸೆಂಬರ್‌ನಲ್ಲಿ ಅವರು ಎರಡು ಚತುಷ್ಟಯಗಳನ್ನು ಒಟ್ಟಿಗೆ ಕೂರಿಸಿ ಮುದ್ರಿಸಿದ ‘ಫ್ರೀ ಜಾಝ್’ ಸುಮಾರು 37 ನಿಮಿಷದ ಅಖಂಡ ವಾದನ. ಸ್ಟೀರಿಯೊದಲ್ಲಿ ಒಂದು ಗುಂಪು ಎಡಕ್ಕೂ ಇನ್ನೊಂದು ಬಲಕ್ಕೂ ಇರುವುದರಿಂದ ಹೆಡ್‌ಫೋನ್ ಹಾಕಿಕೊಂಡು ಯಾರು ಯಾರಿಗೆ ಉತ್ತರಿಸುತ್ತಿದ್ದಾರೆಂದು ಗುರುತಿಸಬಹುದು. ಬ್ರಿಟನ್ನಿನ ಗಿಟಾರ್ ವಾದಕ ಡೆರೆಕ್ ಬೇಲಿಯಂಥವರು ಇನ್ನೂ ಮುಂದೆ ಹೋಗಿ ಧಾಟಿ, ಸ್ಥಿರ ಲಯ, ಶೈಲಿಯ ಗುರುತುಗಳನ್ನೆಲ್ಲ ಕಳಚಿದರು. ಇಂಥ ವಾದನದಲ್ಲಿ ಮೊದಲೇ ತಿಳಿದ ಸುತ್ತು ಇರುವುದಿಲ್ಲ. ಐದು ನಿಮಿಷದ ಹಿಂದೆ ಬಂದ ಒಂದು ಕೆರೆತ, ಒಂದು ಜಿಗಿತ, ಒಂದು ಮೌನ ಈಗ ಮತ್ತೆ ಎದುರಾದಾಗ ಅದನ್ನು ಗುರುತಿಸುವ ಕೇಳುಗರೇ ಕಟ್ಟನ್ನು ಕಟ್ಟಿಕೊಳ್ಳಬೇಕು. ನೆನಪಿನ ಕೆಲಸ ಇಲ್ಲಿ ತಪ್ಪುವುದಿಲ್ಲ, ಇಮ್ಮಡಿಯಾಗುತ್ತದೆ. ಕೀತ್ ಜ್ಯಾರೆಟ್ 1975ರ ಜನವರಿ 24ರಂದು ಜರ್ಮನಿಯ ಕೊಲೋನ್ ನಗರದಲ್ಲಿ ಸಿದ್ಧ ರಚನೆಯಿಲ್ಲದೆ ನೀಡಿದ ಏಕಾಂಗಿ ಪಿಯಾನೊ ಕಛೇರಿ ಜನಪ್ರಿಯವಾದುದಕ್ಕೂ ಇದು ಒಂದು ಕಾರಣ: ಅಂದು ದೊರೆತ ಪಿಯಾನೊದ ತಾರ ಮತ್ತು ಮಂದ್ರ ಭಾಗಗಳು ಸೊರಗಿದ್ದುದರಿಂದ ಅವರು ಮಧ್ಯಸ್ಥಾಯಿಯಲ್ಲೇ ಹೆಚ್ಚು ನೆಲೆಸಿ, ಎಡಗೈಯಲ್ಲಿ ಸಣ್ಣ ಆಕೃತಿಗಳನ್ನು ಬಹುಹೊತ್ತು ಮರುಕಳಿಸಿ, ಕೇಳುಗರ ನೆನಪಿಗೆ ಸ್ಪಷ್ಟವಾದ ಆಧಾರ ಒದಗಿಸಿದರು.

ಕರ್ನಾಟಕದ ಮಟ್ಟಿಗೆ ಈ ಸಂವಾದ ಕೇವಲ ಹೋಲಿಕೆಯ ಮಾತಾಗಿ ಉಳಿದಿಲ್ಲ. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ, ಗಾಯಕಿ ಆರ್.ಎ. ರಮಾಮಣಿ ಅವರೊಂದಿಗೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆಗೂಡಿ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ತಂದಿತು. ಜಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಅವರ ಗುಂಪಿನಲ್ಲಿ ನುಡಿಸಿದ್ದ, ನಾಗಸ್ವರವನ್ನೂ ಅಭ್ಯಾಸ ಮಾಡಿದ್ದ ಮರಿಯಾನೊ ಇಲ್ಲಿ ಕಾರ್ಡ್‌ಗಳ ಆಸರೆ ಬಿಟ್ಟು ಸ್ಥಿರ ಶ್ರುತಿಯ ಮೇಲೆ ನಿಲ್ಲುತ್ತಾರೆ. ಮೃದಂಗ, ಘಟ, ಖಂಜಿರ, ಕೊನ್ನಕ್ಕೋಲುಗಳ ಲೆಕ್ಕಾಚಾರ ರಿದಮ್ ಸೆಕ್ಷನ್ನಿನ ಜಾಗ ತುಂಬುತ್ತದೆ. ಅತ್ತ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ ಜಾಝ್‌ನ ಪ್ರಧಾನ ವಾದ್ಯವಾದ ಸ್ಯಾಕ್ಸೊಫೋನನ್ನು ಗಮಕಕ್ಕೆ ಒಗ್ಗಿಸಿ, 1980ರಲ್ಲಿ ಮುಂಬೈನ ಜಾಝ್ ಉತ್ಸವದಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿಯವರೊಡನೆ ಕೂಡಿ ನುಡಿಸಿದರು. 2008ರ ‘ಕಿನ್ಸ್‌ಮೆನ್’ ಧ್ವನಿಮುದ್ರಿಕೆಯಲ್ಲಿ ಅಮೆರಿಕದ ಜಾಝ್ ವಾದಕ ರುದ್ರೇಶ ಮಹಾಂತಪ್ಪ ಅವರ ಆಲ್ಟೊ ಸ್ಯಾಕ್ಸೊಫೋನ್ ಮತ್ತು ಕದ್ರಿಯವರ ಸ್ಯಾಕ್ಸೊಫೋನ್ ಅಕ್ಕಪಕ್ಕದಲ್ಲಿ ನುಡಿಯುವಾಗ, ಸ್ವರದಿಂದ ಸ್ವರಕ್ಕೆ ಸಾಗುವ ಎರಡು ಬಗೆಗಳು ಒಂದೇ ಜಾತಿಯ ನಾದದಲ್ಲಿ ಬೇರ್ಪಟ್ಟು ಕೇಳಿಸುತ್ತವೆ.

ಕಟ್ಟು ತಿಳಿದರೆ ಅಚ್ಚರಿ ಸಾಯುತ್ತದೆ, ಲೆಕ್ಕ ಹಾಕುವವರಿಗೆ ರಸ ದಕ್ಕುವುದಿಲ್ಲ ಎಂಬ ಆಕ್ಷೇಪ ಎರಡೂ ಸಂಗೀತಗಳ ಬಗ್ಗೆ ಇರುವಂಥದ್ದೇ. ಆದರೆ ನಿರೀಕ್ಷೆ ಇಲ್ಲದ ಕಡೆ ಅನಿರೀಕ್ಷಿತವೂ ಇರಲಾರದು. ಬ್ರಿಜ್ ಈಗ ಬರಬೇಕೆಂದು ಬಲ್ಲವರಿಗೇ ಅದರ ಹೊಸ್ತಿಲನ್ನು ವಾದಕರು ಒಂದು ಬಾರ್ ಮೊದಲೇ ದಾಟಿದ್ದು ಅಥವಾ ಹಳೆಯ ಶ್ರೇಣಿಯನ್ನೇ ಹಟ ಹಿಡಿದು ಎಳೆದದ್ದು ತಿಳಿಯುತ್ತದೆ. ಎಣಿಕೆ ಮೊದಲ ಕೆಲವು ತಿಂಗಳು ಪ್ರಯತ್ನವೆನಿಸಿದರೂ ಕ್ರಮೇಣ ಮನಸ್ಸಿನ ಹಿನ್ನೆಲೆಗೆ ಸರಿದು ತಾನೇ ನಡೆಯುತ್ತಿರುತ್ತದೆ, ಗಮನವೆಲ್ಲ ಧಾಟಿಯ ಕಡೆಗೆ ಬಿಡುಗಡೆಯಾಗುತ್ತದೆ. ಒಂದೇ ಧ್ವನಿಮುದ್ರಿಕೆಯನ್ನು ಒಮ್ಮೆ ಬಾಸ್‌ಗಾಗಿ, ಒಮ್ಮೆ ಡ್ರಮ್ಸ್‌ಗಾಗಿ, ಒಮ್ಮೆ ಹೆಡ್ಡನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಾ ಕೇಳುವ ಶ್ರಮ ಆ ಧ್ವನಿಮುದ್ರಿಕೆಯೊಂದಿಗೆ ಮುಗಿದುಹೋಗುವುದೂ ಇಲ್ಲ. ಎರಡನೆಯ ಸಲ ಕೇಳುವ ಅವಕಾಶವೇ ಇಲ್ಲದ ಜೀವಂತ ಕಛೇರಿಯಲ್ಲಿ, ವಾದಕರು ಆಗಷ್ಟೇ ಕೈಗೊಂಡ ನಿರ್ಧಾರವನ್ನು ಅದು ನಡೆಯುತ್ತಿರುವಾಗಲೇ ಹಿಡಿಯಬಲ್ಲ ಕಿವಿಯನ್ನು ಸಿದ್ಧಗೊಳಿಸುವುದು ಆ ಶ್ರಮವೇ.